ಹುಡಿ ಇಲ್ಲದ ಹೂವು

ನನ್ನ ಮೊಮ್ಮಗಳು ಸಾಲಿ ಬಿಡುವುದು ತಪ್ಪಿದ್ದು ಟೊಮೆಟೊ ಗಿಡದಿಂದ. ನಂಬಿರಿ ಬಿಡಿರಿ, ಖರೇ ಮಾತು. ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಶಿರಗುಪ್ಪಿಯ ನಮ್ಮ ಹೊಲದಲ್ಲಿ ಬಾವಿ ಪಕ್ಕದ ತುಂಡಿನಲ್ಲಿ ಹೈಬ್ರಿಡ್ ಟೊಮೆಟೊ ಬೀಜ ಬೆಳೆಯುತ್ತಿದ್ದೆವು. ಮಗ ಲಾರಿ ಓಡಿಸುತ್ತಿದ್ದ. ಹೊಲ ನೋಡುವವಳು ಸೊಸೆ. ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಒಂದೇ ಮನೆಯಲ್ಲಿ ಇರುತ್ತವೆ. ತಮ್ಮಷ್ಟಕ್ಕೆ ಕೂಡಿಬಿಟ್ಟರೆ ಹೈಬ್ರಿಡ್ ಆಗುವುದಿಲ್ಲ. ಅದಕ್ಕೇ ಸಂಜೆ ಮೊಗ್ಗು ಬಿಡಿಸಿ, ಗಂಡು ಭಾಗವನ್ನು ಚಿಮಟದಿಂದ ಕಿತ್ತು ತೆಗೆಯಬೇಕು. ಬೆಳಿಗ್ಗೆ ಬೇರೆ ತಳಿಯ ಹುಡಿ, ಅಂದರೆ ಪರಾಗ, ಮುಟ್ಟಿಸಬೇಕು. ಮೊಗ್ಗೋ, ಶೇಂಗಾ ಕಾಳಿಗಿಂತ ಸಣ್ಣದು. ಸಣ್ಣ ಬೆರಳು, ಚುರುಕು ಕಣ್ಣು ಬೇಕು. ಹಾಗಾಗಿ ಸುತ್ತಲಿನ ಹೊಲಗಳಲ್ಲೆಲ್ಲ ಸಾಲಿ ಬಿಟ್ಟ ಹುಡುಗಿಯರೇ.

ನನ್ನ ಕಣ್ಣು ಮಬ್ಬಾಗಿ ನಾನು ಚಿಮಟ ಕೆಳಗಿಟ್ಟ ವರ್ಷ ಸೊಸೆ ಪೇಟೆಯಿಂದ ಸಣ್ಣದೊಂದು ಹೊಸ ಚಿಮಟ ತಂದಳು. ಯಾರಿಗೆಂದು ಕೇಳಬೇಕಾಗಿರಲಿಲ್ಲ. ಮೊಮ್ಮಗಳಾಗ ಐದನೇ ಇಯತ್ತೆ.

“ಒಂದು ಹಂಗಾಮ ಅಷ್ಟರಿ, ಅತ್ತಿ.”

“ನಮ್ಮವ್ವನೂ ಒಂದು ಹಂಗಾಮ ಅಂತನ ನನ್ನ ಸಾಲಿ ಬಿಡಿಸಿದ್ಲು. ಆ ಹಂಗಾಮ ಇನ್ನೂ ಮುಗದಿಲ್ಲ ನೋಡವಾ.”

ಅವಳು ತಲೆ ತಗ್ಗಿಸಿದಳು. ಮಗಳ ಮೇಲೆ ಮಾಯೆ ಇಲ್ಲದವಳಲ್ಲ. ಕೆಲಸಕ್ಕೆ ಕೈ ಸಾಲದಾಗಿತ್ತು.

ಅಷ್ಟರಲ್ಲಿ ಬೀಜ ಕೊಳ್ಳುವ ಸಾಹೇಬರು ಹೊಸ ನಮೂನೆಯ ಸಸಿ ತಂದರು. “ಅಜ್ಜಿ, ಇದರಾಗ ಅರ್ಧ ಗಿಡಕ್ಕ ಗಂಡು ಹುಡಿನ ಹುಟ್ಟಂಗಿಲ್ಲ. ಮೊಗ್ಗು ಬಿಡಸೋದು ಬ್ಯಾಡ, ಚಿಮಟಾ ಬ್ಯಾಡ. ಹುಡಿ ಇದ್ದ ಗಿಡ ಅಷ್ಟ ಮೊದಲನೇ ಹೂವಿಗೇ ಕಿತ್ತು ಒಗೀರಿ.”

“ಹಂಗಾರ ನಮ್ಮ ಹುಡುಗಿ ಸಾಲಿಗೆ ಹೋಗ್ಲಿ. ಈ ಕೆಲಸ ನಾ ಮಾಡ್ತೇನಿ!”

“ಮಾಡ್ರಿ. ಬೀಜ ಶುದ್ಧ ಬಂದ್ರ ವರ್ಷಾ ವರ್ಷಾ ಇದನ್ನ ಕೊಡ್ತೇನಿ. ಕಲಬೆರಕಿ ಆತಂದ್ರ ಮತ್ತ ಚಿಮಟಾನ.”

ಹೂವು ಬಿಟ್ಟವು. ನನ್ನ ಕರಿಯ ಚಂದ್ರಕಾಳಿ ಸೀರೆಯ ಸೆರಗಿನ ಮೇಲೆ ಒಂದೊಂದು ಗಿಡದ ಹೂವನ್ನು ತಟ್ಟಿ ನೋಡಿದೆ. ಹುಡಿ ಉದುರಿದರೆ ಮಬ್ಬುಗಣ್ಣಿಗೂ ಹಳದಿ ಕಲೆ ಕಾಣುತ್ತಿತ್ತು. ಸೊಸೆ ಇನ್ನೊಮ್ಮೆ ನೋಡಿ ಆ ಗಿಡ ಕಿತ್ತು ಬದುವಿಗೆ ಒಗೆಯುತ್ತಿದ್ದಳು. ಸೀರೆ ಪೂರಾ ಅರಿಷಿಣ ಹಚ್ಚಿದಂತಾಯಿತು.

ಮುಂದಿನ ವಾರ ಬಂದ ಸಾಹೇಬರು ಬಾವಿ ಹತ್ತಿರ ನಿಂತುಬಿಟ್ಟರು. ಕಿತ್ತ ಗಿಡಗಳು ಅಲ್ಲಿ ಮತ್ತೆ ಬೇರೂರಿ ಸಾಲಾಗಿ ನಗುತ್ತಿದ್ದವು!

“ಇವನ್ನ ಯಾರು ಹಚ್ಚಿದ್ರಿ?”

“ನಾನರಿ,” ಅಂದರು ನಮ್ಮ ಮನೆಯವರು, ಮೀಸೆ ತಿರುವುತ್ತ. “ಹೂ ಬಿಟ್ಟ ಗಿಡಾ ಕೀಳಬಾರದು, ಹಿರ್ಯಾರು ಹೇಳ್ಯಾರ. ಗೊಡ್ಡು ಗಿಡಾ ಇಟಗೊಂಡು ಹಡಿಯೋ ಗಿಡಾ ಒಗಿಯೋ ಶಾಣ್ಯಾತನ ನಿಮ್ಮ ಕಡೇನ ಕಲೀಬೇಕು ಬಿಡ್ರಿ.”

“ಯಜಮಾನ್ರ, ಹುಳಾ ಇಲ್ಲಿ ಕುಂತು ಅಲ್ಲಿ ಹೋಗಿ ಕುಂತ್ರ ಮುಗೀತು. ಬೀಜ ಕೆಟ್ಟಂಗನ!”

ನಾನು ನಮ್ಮ ಮನೆಯವರ ಕಡೆ ತಿರುಗಿದೆ. “ಗಿಡಕ್ಕ ಮರುಗಾಕ ಹತ್ತೀರಿ, ಮೊಮ್ಮಗಳು ನೆನಪಾಗಲಿಲ್ಲೇನು?” ಅಂದೆ.

ಅವರ ಮೀಸೆ ಇಳಿಯಿತು. ಒಂದೊಂದು ಗಿಡಕ್ಕೂ ಕೈ ಮುಗಿದು, “ತಪ್ಪಾತವ್ವಾ,” ಅನ್ನುತ್ತ ತಾವೇ ಕಿತ್ತರು. ತಿಪ್ಪೆಗೆ ಹಾಕಿ ಮೇಲೆ ಸಗಣಿ ಮುಚ್ಚಿದರು, ಮತ್ತೆ ಮನಸ್ಸು ಬದಲಾಗದಿರಲಿ ಎಂಬಂತೆ. ಆದರೆ ಹುಳ ಅಷ್ಟರಲ್ಲಿ ಎಲ್ಲೆಲ್ಲಿ ಓಡಾಡಿತ್ತೋ, ಯಾರು ಬಲ್ಲರು?

ಅಂದಿನಿಂದ ದಿನಾ ಬೆಳಿಗ್ಗೆ ಬೆರಳಿಗೆ ಉಂಗುರದಂಥ ಸಣ್ಣ ಬಟ್ಟಲು ಹಾಕಿಕೊಂಡು, ಅದರಲ್ಲಿದ್ದ ಬೇರೆ ತಳಿಯ ಹುಡಿಯಲ್ಲಿ ಹೂವಿನ ತುದಿ ಅದ್ದುತ್ತ ಹೋದೆ. ಮುಟ್ಟಿಸಿದ ಹೂವಿನ ತೊಟ್ಟಿನ ಬಳಿಯ ಎರಡು ಹಸಿರು ಎಸಳು ಚಿವುಟುವುದು ರೂಢಿ. ಹಣ್ಣಾದಾಗ ಆ ಗುರುತಿದ್ದವನ್ನೇ ಬಿಡಿಸಬೇಕು. ಅದಕ್ಕೆ ಕಣ್ಣೇಕೆ? ಬೆರಳೇ ಹೇಳುತ್ತಿತ್ತು. ಗುರುತಿಲ್ಲದ ಕಾಯಿ ಕಂಡರೆ, ಎಷ್ಟೇ ಚಂದವಿರಲಿ, ಸೊಸೆ ಕಿತ್ತೊಗೆದಳು. ಹೊಲದ ದಾರಿಯಲ್ಲೇ ಮೊಮ್ಮಗಳು ಪಾಟಿಚೀಲ ತೂಗಾಡಿಸುತ್ತ ಸಾಲಿಗೆ ಓಡುತ್ತಿದ್ದಳು.

ಬೀಜ ತೊಳೆದು ಒಣಗಿಸಿ ಕೊಟ್ಟೆವು. ಅದನ್ನು ಬಿತ್ತಿ ಬೆಳೆಸಿ ನೋಡಿದ ಮೇಲೇ ತೀರ್ಮಾನ. ಕಾದೆವು. ಬೈಕಿನ ಸಪ್ಪಳ ಕೇಳಿದಾಗೆಲ್ಲ ನಮ್ಮ ಮನೆಯವರು ಹೊರಗೆ ಹೋಗಿ ನೋಡಿ ಬರುತ್ತಿದ್ದರು. ಕೊನೆಗೊಂದು ದಿನ ಸಾಹೇಬರು ಗಾಡಿ ನಿಲ್ಲಿಸುವ ಮೊದಲೇ ಕೂಗಿದರು:

“ಅಜ್ಜೀ, ಪಾಸಾತು! ಬೀಜ ಛಲೋ ಶುದ್ಧ ಬಂದೈತಿ!”

ನಾನು ಕೈಯಲ್ಲಿದ್ದ ಮೊರ ಬಿಟ್ಟು ಕುಣಿದೆ. ಸಾಹೇಬರ ಮುಂದೆಯೇ ಕುಣಿದೆ. ಸೊಸೆ ನನ್ನನ್ನು ಅಪ್ಪಿಕೊಂಡು ಅತ್ತಳು.

“ನಾ ಕೈ ಮುಗದು ಕಿತ್ತಿದ್ದಕ್ಕ ಪಾಸಾತು,” ಅಂದರು ನಮ್ಮ ಮನೆಯವರು. ಆಗಲಿ ಬಿಡಿ, ಅದೂ ಅವರಿಗೇ ಇರಲಿ.

ಮೊಮ್ಮಗಳು ಹೈಸ್ಕೂಲಿಗೆ ಬಂದಳು. ಒಂದು ಮುಂಜಾನೆ, “ಆಯೀ, ನನಗಂತ ತಂದಿದ್ದ ಚಿಮಟಾ ಎಲ್ಲೈತಿ?” ಅಂದಳು.

ಕೈಯ ಕೆಲಸ ಅಲ್ಲೇ ಬಿಟ್ಟು ಎದ್ದೆ. “ಅದ್ಯಾಕವ್ವಾ?”

“ಇವತ್ತು ಸಾಲ್ಯಾಗ ಹೂವು ಬಿಡಿಸಿ ತೋರಸ್ತಾರ. ತರ್ರಿ ಅಂದಾರ.”

ಗೋಡೆಯ ಗೂಡಿನಿಂದ ತೆಗೆದೆ. ಒಂದು ಮೊಗ್ಗನ್ನೂ ಮುಟ್ಟಿರಲಿಲ್ಲ ಅದು. ಸೆರಗಿನಿಂದ ಒರೆಸಿ ಒರೆಸಿ ಅವಳ ಚೀಲದಲ್ಲಿಟ್ಟೆ.

“ಹೂವಷ್ಟ ಹರೀರಿ ಅಂತ ಹೇಳು,” ಒಳಗಿನಿಂದ ಅವಳಜ್ಜ ಕೂಗಿದರು. “ಗಿಡಾ ಕೀಳಬ್ಯಾಡ್ರಿ!”