ಹನ್ನೆರಡು ಗೂಡಿನ ಪೆಟ್ಟಿಗೆ

ಚೆಂಬೂರಿನ ನಮ್ಮ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟುತ್ತಾರೆಂದು ಹತ್ತು ವರ್ಷದಿಂದ ಹೇಳುತ್ತಲೇ ಇದ್ದರು. ನಾನು ನಂಬಿರಲಿಲ್ಲ. ನಂಬುವ ಹೊತ್ತಿಗೆ ಅಷ್ಟೂ ಮನೆಗಳು ಒಂದೇ ತಿಂಗಳಲ್ಲಿ ಖಾಲಿಯಾಗಬೇಕಿತ್ತು. ರದ್ದಿ ಅಂಗಡಿಯಲ್ಲಿ ಒಂದೇ ಒಂದು ರಟ್ಟಿನ ಪೆಟ್ಟಿಗೆ ಉಳಿದಿರಲಿಲ್ಲ.

ಪಾತ್ರೆ, ಬಟ್ಟೆ ಕಟ್ಟಲು ಪ್ಯಾಕರ್ಸ್‌ನವರು ಬರುತ್ತಿದ್ದರು. ತೊಂದರೆ ಇದ್ದದ್ದು ಅಮ್ಮನ ದಸರಾ ಗೊಂಬೆಗಳದ್ದು. ಮದುವೆಯಾಗಿ ಮೈಸೂರಿನಿಂದ ಬಂದಾಗಿನಿಂದ ಕೂಡಿಸಿದ ಗೇಣುದ್ದದ ಮಣ್ಣಿನ ಗೊಂಬೆಗಳು, ಎಂಬತ್ತರ ಹತ್ತಿರ. ಹೊಸ ಕಟ್ಟಡ ಏಳುವ ತನಕ ನಾವು ಹೋಗುತ್ತಿದ್ದ ಬಾಡಿಗೆ ಮನೆಯಲ್ಲಿ ಒಂಬತ್ತು ಮೆಟ್ಟಿಲು ಕಟ್ಟಲು ಜಾಗವಿಲ್ಲ. ಪಟ್ಟದ ಗೊಂಬೆಗಳೆರಡನ್ನು ಬಿಟ್ಟು ಉಳಿದವು ಮೂರು ವರ್ಷ ಪೆಟ್ಟಿಗೆಯಲ್ಲೇ ಇರಬೇಕು. ಅವನ್ನು ತಾನೇ ಕಟ್ಟುತ್ತೇನೆ, ಒಂದರ ಮೂಗೂ ಮುಕ್ಕಾಗಬಾರದು, ಗಟ್ಟಿ ಪೆಟ್ಟಿಗೆ ತಾ ಎಂದು ಅಮ್ಮನ ಹಟ.

ಎದುರು ಮನೆಯವರ ಹಜಾರದಲ್ಲಿ ಪೆಟ್ಟಿಗೆಗಳು ಸೂರು ಮುಟ್ಟುವಂತಿದ್ದವು. ಚಹಾ ಕೊಟ್ಟರು, ಅಮ್ಮನ ಮಂಡಿನೋವು ವಿಚಾರಿಸಿದರು, ಪೆಟ್ಟಿಗೆಯ ಮಾತು ಬಂದಾಗ ಮಾತ್ರ ಕಿವುಡಾದರು. ನೆಂಟರ ಮೇಲೆ ಪ್ರೀತಿ, ಅಕ್ಕಿ ಮೇಲೆ ಆಸೆ. ಮರುದಿನ ಫೋರ್ಟಿನ ಆಫೀಸಿನಿಂದ ಬರುವಾಗ ಬೈಕುಲ್ಲಾದಲ್ಲಿ ಇಳಿದು, ಹಣ್ಣಿನ ಪೆಟ್ಟಿಗೆಗಳನ್ನು ಲೋಕಲ್‌ನ ನೂಕುನುಗ್ಗಲಲ್ಲಿ ತಲೆಯ ಮೇಲೆ ಹೊತ್ತು ತಂದೆ. ಅಮ್ಮ ಒಂದರ ಗಾಳಿತೂತಿನಲ್ಲಿ ಬೆರಳು ಆಡಿಸಿ, ಇದು ಇಲಿಗೆ ಮಾಡಿಸಿದ ಬಾಗಿಲೋ ಎಂದು ಕೇಳಿದಳು. ನನಗೆ ಮೈಯೆಲ್ಲ ಉರಿಯಿತು.

ಆ ಸಿಟ್ಟಿನಲ್ಲೇ ಸ್ಟೇಷನ್ ಹತ್ತಿರದ ವೈನ್ ಶಾಪಿನ ಮುಂದೆ ನಿಂತು ಮಗಳಿಗೆ ಫೋನಿನಲ್ಲಿ ಗೊಣಗುತ್ತಿದ್ದೆ. ಅಲ್ಲಿ ಮಾಲು ಇಳಿಸುತ್ತಿದ್ದ ವಿಜಯಪುರದ ಕಡೆಯ ಒಬ್ಬರು ನನ್ನ ಕನ್ನಡ ಕೇಳಿ ಹತ್ತಿರ ಬಂದರು.

"ಗೊಂಬಿ ಇಡಾಕ ಬೇಕೇನ್ರಿ? ತಡೀರಿ, ಹಸಿ ಆಗದ್ದು ನೋಡಿ ಕೊಡ್ತೀನಿ."

ಏಳು ಪೆಟ್ಟಿಗೆ ಆರಿಸಿಕೊಟ್ಟರು. ದಪ್ಪ ರಟ್ಟು, ಒಳಗೆ ಬಾಟಲಿಗೊಂದರಂತೆ ಹನ್ನೆರಡು ಗೂಡು. ಗೊಂಬೆಗೆಂದೇ ಅಳತೆ ಕೊಟ್ಟು ಮಾಡಿಸಿದಂತಿತ್ತು. ಆದರೆ ಸ್ನಾನವಾಗದೆ ದೇವರ ಕೋಣೆಯ ಹೊಸಿಲು ದಾಟಲು ಬಿಡದ ಅಮ್ಮ ಹೆಂಡದ ಪೆಟ್ಟಿಗೆಯಲ್ಲಿ ರಾಮ, ಲಕ್ಷ್ಮಣರನ್ನು ಕೂರಿಸುತ್ತಾಳೆಯೇ? ಬಿಲ್ಡಿಂಗಿನ ಮೆಟ್ಟಿಲ ಕೆಳಗೆ ಕೂತು ಬಾಟಲಿಯ ಚಿತ್ರಗಳ ಮೇಲೆಲ್ಲ ಖಾಕಿ ಕಾಗದ ಅಂಟಿಸಿದೆ. ಔಷಧಿ ಕಂಪನಿಯ ಪೆಟ್ಟಿಗೆ ಎಂದು ಸುಳ್ಳು ಹೇಳಿದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ, ಮುಖ ಎತ್ತಿ ನೋಡಲಾಗಲಿಲ್ಲ.

ಅಮ್ಮ ಮೂಸಿ ನೋಡಿದಳು. ಗೂಡಿನ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಹೆಂಡದ್ದಾದರೇನು, ಗಟ್ಟಿಯಾಗಿದೆಯಲ್ಲ ಎಂದು ರಟ್ಟು ನೆನೆಯದಷ್ಟು ಅರಿಶಿನದ ನೀರು ಚಿಮುಕಿಸಿ ಕೆಲಸಕ್ಕೆ ಕೂತಳು. ಇಷ್ಟು ಸುಲಭಕ್ಕೆ ಒಪ್ಪಿದ್ದು ನನಗೆ ಆಶ್ಚರ್ಯವೇ.

ಹಳೆಯ ಸೀರೆಯ ತುಂಡಿನಲ್ಲಿ ಒಂದೊಂದನ್ನೇ ಸುತ್ತುತ್ತಾ, ಕಾಲೇಜಿಗೆ ಹೋಗುವ ನನ್ನ ಮಗಳಿಂದ ಒಂದೊಂದಕ್ಕೂ ಚೀಟಿ ಬರೆಸಿದಳು. ಕನ್ನಡ ಬರೆಯಲು ಬಾರದ ಮಗಳು ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಂಡಳು. ಅಂಗಡಿ ಶೆಟ್ಟಿ ದಂಪತಿ ಗೊಂಬೆ ಕೆಳಗಿನ ಮೆಟ್ಟಿಲಿಗೆ, ಮುಂದೆ ಅಕ್ಕಿ, ಬೇಳೆ ಇಡಬೇಕು. ಕೃಷ್ಣನ ಕೊರಳು ಒಮ್ಮೆ ಮುರಿದು ಅಂಟಿಸಿದ್ದು, ಅಲ್ಲಿ ಹಿಡಿದು ಎತ್ತಬಾರದು. ಮಧ್ಯಾಹ್ನವಾದರೂ ಅರ್ಧ ಮುಗಿದಿರಲಿಲ್ಲ. ನನ್ನ ತಾಳ್ಮೆ ತಪ್ಪಿತು.

"ಪ್ರತಿ ವರ್ಷ ಜೋಡಿಸೋಳು ನೀನೇ. ನಿನಗ್ಯಾಕಮ್ಮ ಚೀಟಿ?"

ಅಮ್ಮ ತಲೆ ಎತ್ತಲಿಲ್ಲ. "ಮೂರು ವರ್ಷ ಅಂತಾರೆ, ಐದಾಗತ್ತೆ. ಬಿಚ್ಚೋಳು ಇವಳು ಕಣೋ. ಅದಕ್ಕೇ ಗಟ್ಟಿ ಪೆಟ್ಟಿಗೆ ಕೇಳಿದ್ದು."

ವಾರವಿಡೀ ಮನಸ್ಸಿನಲ್ಲಿ ಬೈದುಕೊಂಡಿದ್ದೆಲ್ಲ ನೆನಪಾಗಿ ನಾಚಿಕೆಯಾಯಿತು, ದುಃಖ ಒತ್ತಿಬಂತು. ಮಗಳು ಪೆನ್ನು ಕೆಳಗಿಟ್ಟಳು. "ಅಜ್ಜಿ, ಕೃಷ್ಣನ್ನ ಎಲ್ಲಿ ಹಿಡೀಬೇಕು?" ಎಂದು ತಡವರಿಸುತ್ತಾ ಕೇಳಿದಳು. ಅಮ್ಮ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ, ಗೊಂಬೆಯನ್ನು ಅವಳ ಅಂಗೈ ಮೇಲಿಟ್ಟು, ಇನ್ನೊಂದು ಕೈಯನ್ನು ತಾನೇ ಎತ್ತಿ ಅದರ ಬೆನ್ನಿಗೆ ಕೊಟ್ಟಳು.