ಬ್ರಿಗಿದವ್ವ ಬಂದ ಹುಣ್ಣಿಮೆ

೧೯೯೯ರ ಜನವರಿ ಮೂವತ್ತೊಂದು, ಭಾರತ ಹುಣ್ಣಿಮೆ. ಅಂದು ಸಂಜೆ ರಾಮದುರ್ಗದ ನಮ್ಮ ಮನೆಗೆ ಐರ್ಲೆಂಡಿನ ದೇವಿ ಬಂದಿದ್ದಳೆಂದು ನಮ್ಮಜ್ಜಿ ಕೊನೆಯವರೆಗೂ ಹೇಳುತ್ತಿದ್ದಳು. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಭಂಡಾರದ ಅರಿಸಿನದ ವಾಸನೆಗೆ ನಿಮಗೆ ಗುಡಿ ನೆನಪಾಗಬಹುದು. ನನಗೆ ಆ ಮನೆಯ ತಲೆಬಾಗಿಲು, ಒಳಗೆ ಕಾಲಿಟ್ಟ ಕೂಡಲೇ ಎಡಕ್ಕಿದ್ದ ಗೋದಲಿ, ಅಲ್ಲಿ ಮೆಲುಕು ಹಾಕುತ್ತಿದ್ದ ಬಿಳಿ ಆಕಳು ಗೌರಿ ನೆನಪಾಗುತ್ತವೆ. ಗೌರಿಯ ಮೊದಲ ಕರು ಹುಟ್ಟುತ್ತಲೇ ಸತ್ತಿತ್ತು. ಈ ಸಲವೂ ಹಾಗಾದರೆ ಗೌರಿಯನ್ನು ಸಂತೆಗೆ ಹೊಡೆದುಕೊಂಡು ಹೋಗಿ ಮಾರುವುದೆಂದು ಆಯಿಯ ಮಗ ಕಾಕಾ ಹೇಳಿಬಿಟ್ಟಿದ್ದರು. ದಿನ ತುಂಬುತ್ತ ಬಂದಂತೆ ಆಯಿ ರಾತ್ರಿ ಎರಡೆರಡು ಸಲ ಎದ್ದು ಗೋದಲಿಗೆ ಹೋಗಿ ನೋಡಿ ಬರುತ್ತಿದ್ದಳು.

ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ಅವಳ ಮಗಳು ಶಾಂತತ್ತಿ, ತಾಯಿಯ ಮನಸ್ಸು ಹಗುರಾಗಲೆಂದು ಹಳೆಯ ಐರ್ಲೆಂಡಿನ ಸಂಗತಿ ತೆಗೆದಳು. ಬ್ರಿಗಿಡ್ ಅಲ್ಲಿಯ ಕವಿಗಳ, ಕಮ್ಮಾರರ, ವೈದ್ಯರ ದೇವಿ. ಮುಂದೆ ಅದೇ ಹೆಸರಿನ ಸಂತಳೊಬ್ಬಳು ಕೆಂಪು ಕಿವಿಯ ಬಿಳಿ ಆಕಳ ಹಾಲು ಕುಡಿದು ಬೆಳೆದಳೆಂದು ಕಥೆ. ಫೆಬ್ರವರಿ ಒಂದರ ಮುನ್ನಾ ಸಂಜೆ ಅವಳು ಮನೆಮನೆಗೆ ಬರುತ್ತಾಳಂತೆ. ಹೊರಗೆ ಹಾಸಿದ ಬಟ್ಟೆಯನ್ನು ಮುಟ್ಟಿ ಹರಸುತ್ತಾಳೆ. ಅದನ್ನು ಈಯುವ ಆಕಳಿಗೆ ಹೊದಿಸುತ್ತಾರೆ. ಮನೆಯ ಹುಡುಗಿ ಜೊಂಡು ಹಿಡಿದು ಬ್ರಿಗಿಡ್ ಆಗಿ ಕದ ತಟ್ಟಿದರೆ ಒಳಗಿನವರು ಬರಮಾಡಿಕೊಳ್ಳುತ್ತಾರೆ.

"ಹಂಗಾರ ನಾವೂ ಕರಿಯೂನು," ಎಂದಳು ಆಯಿ.

ಹುಣ್ಣಿಮೆಯ ಸಂಜೆ, ಕುಬಸ ಹೊಲಿಸಲು ಇಟ್ಟಿದ್ದ ಹೊಸ ಬಟ್ಟೆಯ ಕಣವನ್ನು ಹೊರಗಿನ ಕಟ್ಟೆಯ ಮೇಲೆ ಹಾಸಿದಳು. ಗೌರಿಯ ಕಿವಿ ಕೆಂಪಿರಲಿಲ್ಲ. ಎರಡಕ್ಕೂ ಕುಂಕುಮ ಬಳಿದಳು.

"ಲಗ್ನಕ್ಕ ಹೊಂಟಾಳೇನು?" ಎಂದರು ಕಾಕಾ.

"ನೀ ಸುಮ್ಮನ ಹುಲ್ಲ ಹಾಕು," ಎಂದಳು ಆಯಿ.

ಮನೆಯಲ್ಲಿದ್ದ ಹುಡುಗಿ ನಾನೊಬ್ಬಳೇ, ಕದ ತಟ್ಟುವ ಪಾಳಿ ನನ್ನದು. ಮಲಪ್ರಭೆಯ ದಂಡೆಯಿಂದ ಜೊಂಡು ತಂದು ಹಿತ್ತಲಲ್ಲಿ ನಿಂತು, ಚಂದ್ರ ಏರಲೆಂದು ಕಾದೆ. ಅಷ್ಟರಲ್ಲಿ ಮುಂಬಾಗಿಲ ಚಿಲಕದ ಸದ್ದಾಯಿತು. ಸುತ್ತಿ ಬಂದು ನೋಡಿದರೆ, ತಲೆಯ ಮೇಲೆ ಎಲ್ಲಮ್ಮನ ಬುಟ್ಟಿ ಹೊತ್ತ ಮುದಿ ಜೋಗವ್ವನನ್ನು ಆಯಿ ಕೈಹಿಡಿದು ಒಳಗೆ ಕರೆದೊಯ್ಯುತ್ತಿದ್ದಳು.

"ಬರ್ರಿ ಬ್ರಿಗಿದವ್ವಾ, ದೂರಿಂದ ದಣಿದು ಬಂದೀರಿ."

"ಯವ್ವಾ, ಇಕಿ ನಮ್ಮ ಸವದತ್ತಿ ಎಲ್ಲವ್ವನ ಜೋಗವ್ವ," ಎಂದಳು ಅತ್ತಿ.

"ಇರ್ಲಿ. ಆಕಿಗಿ ಈ ಊರ ದಾರಿ ಗೊತ್ತಿರಂಗಿಲ್ಲ. ಅದಕ್ಕ ಇಕಿ ಜೋಡಿ ಬಂದಾಳ."

"ಆಯೀ, ಬ್ರಿಗಿದವ್ವ ನಾನ," ಎಂದೆ ನಾನು.

"ನೀ ದಿನಾ ಬರಾಕಿ. ಸುಮ್ಮನ ಕುಂದ್ರು."

ಅಕ್ಕಿ, ಕೊಬ್ಬರಿ, ಎಲೆ, ಅಡಿಕೆ ಹಾಕಿ ಆಯಿ ಉಡಿ ತುಂಬುವಾಗ ಜೋಗವ್ವ ಕೇಳಿದಳು: "ಬ್ರಿಗಿದವ್ವ ಅಂದ್ರ ಯಾರಬೇ?"

"ಆಕಳ ಕಾಯಾಕಿ."

"ಹಂಗಾರ ನಮ್ಮ ಎಲ್ಲವ್ವಗ ತಂಗಿ ಆಗಬೇಕು," ಎಂದು ಜೋಗವ್ವ ಎದ್ದು ಗೌರಿಯ ಬೆನ್ನಿಗೆ ಭಂಡಾರ ಹಚ್ಚಿದಳು. ಅತ್ತಿ ಬಿದ್ದು ಬಿದ್ದು ನಕ್ಕಳು. ಕಣ ಒಳತಂದು ಗೌರಿಗೆ ಹೊದಿಸಿದವರು ಮಾತ್ರ ಕಾಕಾ. ಅವರ ಮುಖದಲ್ಲಿ ನಗೆಯಿರಲಿಲ್ಲ.

ನಸುಕಿನಲ್ಲಿ ಗೌರಿ ಈದಿತು. ಕರು ಎದ್ದಿತು, ಬಿದ್ದಿತು, ಮತ್ತೆ ಎದ್ದು ಕೆಚ್ಚಲಿಗೆ ಬಾಯಿ ಹಾಕಿತು. ಅದಕ್ಕೆ ಬ್ರಿಗಿದಿ ಎಂದೇ ಹೆಸರಾಯಿತು. ಗಿಣ್ಣ ಓಣಿಗೆಲ್ಲ ಹಂಚಿಕೆಯಾಯಿತು. ಸಂತೆಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಕೆಲವು ವರ್ಷಗಳಿಗೆ ಆಯಿ ತೀರಿಕೊಂಡಳು. ರಸ್ತೆ ಅಗಲ ಮಾಡುವಾಗ ಗೋದಲಿಯೂ ಪಡಸಾಲೆಯೂ ಹೋದವು. ಬ್ರಿಗಿದಿಯನ್ನು ಶಾಂತತ್ತಿ ಮುರಗೋಡದ ತನ್ನ ಮನೆಗೆ ಹೊಡೆದುಕೊಂಡು ಹೋದಳು. ಅದರ ಮಗಳು ಹೋದ ವಾರ ಈದಿದೆ, ಹೆಣ್ಣು ಕರು.