ಕುಂಕುಮ ಕೊಟ್ಟ ಮೇಲೆ

ಮದುವೆ ಸಂಬಂಧ ಕುದುರಿಸೋ ಕೆಲಸ ನನಗೆ ಕಲಿಸಿದವರು ನಾಗರತ್ನಮ್ಮ. "ಮನೆಯವರು ಕುಂಕುಮ ತಂದ್ರು ಅಂದ್ರೆ ಮಾತು ಮುಗೀತು ಅಂತ. ಇಟ್ಕೊಂಡು ಎದ್ಬಿಡ್ಬೇಕು ಕಣೇ" ಅಂತ ಮೊದಲ ದಿನವೇ ಹೇಳಿದ್ದರು.

ಮೊನ್ನೆ ಚಾಮರಾಜಪೇಟೆಯಲ್ಲಿ ಒಂದು ಹೆಣ್ಣಿನ ಮನೆಗೆ ಹೋಗಿದ್ವಿ. ಹುಡುಗನ ನಕ್ಷತ್ರ, ಪಾದ, ಸೋದರಮಾವನ ಊರು, ಎಲ್ಲಾ ನಾಗರತ್ನಮ್ಮ ಚೀಟಿ ನೋಡದೆ ಬಾಯಲ್ಲೇ ಹೇಳಿದರು. ಎಂಬತ್ತರಲ್ಲೂ ಎಂಥಾ ತಲೆ ಅಂತ ನಾನು ಬೀಗುತ್ತಿದ್ದೆ. ಹುಡುಗಿಯ ತಾಯಿ "ನೋಡೋಣ, ಹೇಳಿ ಕಳಿಸ್ತೀವಿ" ಅಂತ ಒಳಗೆ ಹೋಗಿ ಕುಂಕುಮ ತಂದರು. ನಾಗರತ್ನಮ್ಮ ಇಟ್ಟುಕೊಂಡು, ಮತ್ತೆ ಸೋಫಾಗೆ ಒರಗಿ, ಮದುವೆ ಛತ್ರದ ಮಾತು ತೆಗೆದರು. ಆ ತಾಯಿ ಬಟ್ಟಲು ಹಿಡಿದು ನಿಂತೇ ಇದ್ದರು. ಕೊನೆಗೆ ನಾನೇ ಕೈ ಹಿಡಿದು ಎಬ್ಬಿಸಿದೆ.

ಆಟೋದಲ್ಲಿ ಕೇಳಿದರು, "ಒಪ್ಪಿದ್ರು ಅಲ್ವೇನೇ?"

"ಹೂಂ ಅಮ್ಮಾ" ಅಂದುಬಿಟ್ಟೆ.

ನನ್ನ ಮುಖವನ್ನೇ ನೋಡಿದರು. ಒಂದು ಕಾಲಕ್ಕೆ ನಾನು ಬಾಯಿ ತೆರೆಯೋ ಮುಂಚೆಯೇ ಸುಳ್ಳು ಹಿಡಿಯುತ್ತಿದ್ದವರು. ಈಗಲೂ ಹಿಡೀಲಿ, ಬೈಲಿ ಅಂತ ಕಾದೆ.

"ನಾನು ಹೇಳ್ಲಿಲ್ವಾ?" ಅಂತ ನಕ್ಕು, ಆಟೋನ ವಿ.ವಿ. ಪುರಂ ಕಡೆ ತಿರುಗಿಸಿದರು. ಇಬ್ಬರೂ ಹೋಗಿ ಛತ್ರ ನೋಡ್ಕೊಂಡು ಬಂದ್ವಿ. ಊಟದ ಹಾಲ್ ಸ್ವಲ್ಪ ಚಿಕ್ಕದಾಯ್ತು ಅಂತ ಅವರಿಗೆ ಇನ್ನೂ ಬೇಜಾರು.